ವೈದ್ಯರ ಹೆಸರಿನ ಮುಂದಿನ ಅಕ್ಷರಗಳು

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳ ಯಾವ ಮುಖ್ಯರಸ್ತೆಯಲ್ಲಿ ನಡೆದರೂ ಕ್ಲಿನಿಕ್‌ಗಳ ಫಲಕಗಳು ಕಾಣಸಿಗುತ್ತವೆ. ಎಲ್ಲದರ ಮೇಲೂ ‘ಡಾ.’ ಎಂದಿರುತ್ತದೆ. ಜ್ವರ, ಕೆಮ್ಮು ಬಂದಾಗ ನಾವು ಮನೆಗೆ ಹತ್ತಿರವಿರುವ ಕಡೆಗೆ ಹೋಗುತ್ತೇವೆಯೇ ಹೊರತು ಹೆಸರಿನ ಮುಂದಿನ ಪದವಿಯನ್ನು ಓದುವುದು ಅಪರೂಪ. ವೈದ್ಯರು ಯಾವ ಪದ್ಧತಿಯಲ್ಲಿ ಪಳಗಿದವರೆಂಬುದನ್ನು ತಿಳಿಸುವುದು ಆ ಪದವಿಯೇ.

ಎಂ.ಬಿ.ಬಿ.ಎಸ್. ಎಂಬುದು ಆಧುನಿಕ ವೈದ್ಯಪದ್ಧತಿಯ ಮೂಲ ಪದವಿ. 4½ ವರ್ಷಗಳ ಅಧ್ಯಯನದ ನಂತರ 1 ವರ್ಷ ಆಸ್ಪತ್ರೆಯಲ್ಲಿ ಕಡ್ಡಾಯ ತರಬೇತಿ ಇರುತ್ತದೆ. ಸಾಮಾನ್ಯ ಕಾಯಿಲೆಗಳಿಗೆ ಮೊದಲು ಕಾಣಲು ಇವರು ತಕ್ಕವರು. ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ಉಚಿತವಾಗಿ ತಪಾಸಣೆ ಮಾಡುವವರೂ ಈ ಪದವೀಧರರೇ. ಇದರ ಮೇಲೆ ಮತ್ತೆ 3 ವರ್ಷ ಓದಿದವರು ಎಂ.ಡಿ. ಅಥವಾ ಎಂ.ಎಸ್. ಪಡೆಯುತ್ತಾರೆ. ಆಯುರ್ವೇದ, ಹೋಮಿಯೋಪತಿಗಳಲ್ಲಿಯೂ ಎಂ.ಡಿ. ಇರುವುದರಿಂದ, ಆ ಪದವಿ ಯಾವ ಪದ್ಧತಿಯದು, ಯಾವ ವಿಷಯದ್ದು ಎಂಬುದನ್ನೂ ನೋಡಬೇಕು.

ಬಿ.ಎ.ಎಂ.ಎಸ್. ಆಯುರ್ವೇದದ ಪದವಿ, ಬಿ.ಎಚ್.ಎಂ.ಎಸ್. ಹೋಮಿಯೋಪತಿಯದು. ತರಬೇತಿಯೂ ಸೇರಿ ಇವೂ 5½ ವರ್ಷಗಳ ವ್ಯಾಸಂಗಗಳೇ. ಇವುಗಳಲ್ಲಿ ಮೇಲುಕೀಳೆಂಬ ಮಾತಿಲ್ಲ. ಪದ್ಧತಿ ಮಾತ್ರ ಬೇರೆ. ಹೋಮಿಯೋಪತಿ ವೈದ್ಯರೊಬ್ಬರು ಜ್ವರಪೀಡಿತರಿಗೆ ಆಲೋಪಥಿ ಔಷಧಗಳನ್ನು ಕೊಟ್ಟು, ರೋಗಿಯು ಮೃತರಾದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪಿತ್ತು, ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ನೀಡುವುದೇ ನಿರ್ಲಕ್ಷ್ಯವೆಂದು ಸಾರಿತು. ತಪ್ಪು ಕೈಗೆ ಸಿಕ್ಕ ಔಷಧದ ಬೆಲೆಯನ್ನು ತೆರುವವರು ರೋಗಿಯೇ.

ಔಷಧದ ಅಂಗಡಿಯ ಫಾರ್ಮಾಸಿಸ್ಟರು ಬಿ.ಫಾರ್ಮ್ ಅಥವಾ ಡಿ.ಫಾರ್ಮ್ ಓದಿದವರು. ಮಾತ್ರೆಯನ್ನು ಯಾವಾಗ, ಹೇಗೆ ಸೇವಿಸಬೇಕೆಂದು ಅವರನ್ನು ಕೇಳಬಹುದು. ರೋಗನಿರ್ಣಯ ಅವರ ಕೆಲಸವಲ್ಲ. ವೈದ್ಯರ ಚೀಟಿಯಿಲ್ಲದೆ ಆಂಟಿಬಯಾಟಿಕ್ ಕೇಳಿ ಪಡೆಯುವ ರೂಢಿಯನ್ನು ನಾವು ಬಿಡಬೇಕು. ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೂ ಮಕ್ಕಳ ಲಸಿಕೆಗೂ ನೆರವಾಗುವ ಮಾರ್ಗದರ್ಶಕರು, ಅವರೂ ವೈದ್ಯರಲ್ಲ.

ಅರ್ಹತೆಯನ್ನು ಪರಿಶೀಲಿಸುವುದು ಕಷ್ಟವಲ್ಲ. ಆಲೋಪಥಿ ವೈದ್ಯರಿಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಉಳಿದ ಪದ್ಧತಿಗಳಿಗೆ ಪ್ರತ್ಯೇಕ ಮಂಡಳಿಗಳಿವೆ. ಖಾಸಗಿ ಕ್ಲಿನಿಕ್‌ಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಂತೆ ನೋಂದಣಿಯಾಗಿರಬೇಕು. ಸಂಖ್ಯೆ ಕಾಣದಿದ್ದರೆ ವಿನಯದಿಂದ ಕೇಳೋಣ. ಅರ್ಹ ವೈದ್ಯರು ಇದರಿಂದ ಬೇಸರಪಡುವುದಿಲ್ಲ.

ಎದೆನೋವು, ಉಸಿರಾಟದ ತೊಂದರೆ, ಇದ್ದಕ್ಕಿದ್ದಂತೆ ಮಾತು ತೊದಲುವುದು ಕಂಡಾಗ ಮಾತ್ರ ಫಲಕ ಓದುತ್ತ ನಿಲ್ಲದೆ 108ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ಉಳಿದ ದಿನಗಳಲ್ಲಿ, ಆರೋಗ್ಯವಿರುವಾಗಲೇ, ಮನೆಯ ಹಿರಿಯರಿಗೂ ಮಕ್ಕಳಿಗೂ ತಕ್ಕ ವೈದ್ಯರೊಬ್ಬರನ್ನು ಗೊತ್ತುಮಾಡಿಕೊಂಡು ಅವರ ಹೆಸರು, ಪದವಿ, ದೂರವಾಣಿ ಸಂಖ್ಯೆಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡೋಣ.