ಸ್ಯಾಸ್ ಪ್ಯಾಕೇಜಿನ ಅವಲಂಬನ ವಿಚಾರ

ಭಟ್ಟಾಕಳಂಕದೇವನು ಕ್ರಿ.ಶ. 1604ರಲ್ಲಿ ಕನ್ನಡದ ವ್ಯಾಕರಣವಾದ 'ಕರ್ಣಾಟಕ ಶಬ್ದಾನುಶಾಸನ'ವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದನು. ಸಂಸ್ಕೃತವನ್ನರಿಯದ ಕನ್ನಡಿಗನಿಗೆ ಆ ಗ್ರಂಥವು ನೇರವಾಗಿ ದಕ್ಕದು. ಒಂದು ಶಾಸ್ತ್ರವು ಮತ್ತೊಂದನ್ನು ಹೀಗೆ ಅಪೇಕ್ಷಿಸುವುದೇ ಅವಲಂಬನವು. ಗಣಕಯಂತ್ರದ ಪ್ಯಾಕೇಜುಗಳಲ್ಲಿಯೂ ಇದೇ ನ್ಯಾಯವು ನಡೆಯುವುದೆಂಬುದನ್ನು ಸ್ಯಾಸ್ ಎಂಬ ಸ್ಟೈಲ್‌ಶೀಟ್ ಪ್ರೀಪ್ರೊಸೆಸರಿನ ಚರಿತ್ರೆಯಿಂದ ತೋರಿಸುವೆವು.

ಜಾಲಪುಟಗಳ ಬಣ್ಣ, ಅಕ್ಷರಪ್ರಮಾಣ, ಅಂತರ ಮೊದಲಾದವನ್ನು ವಿಧಿಸುವ ಭಾಷೆಗೆ ಸಿಎಸ್‌ಎಸ್ ಎಂದು ಹೆಸರು. ನೂರು ಕಡೆ ಬರುವ ಒಂದೇ ಬಣ್ಣಕ್ಕೆ ಒಂದು ಸಂಜ್ಞೆಯನ್ನಿಟ್ಟು ಸಂಕ್ಷೇಪವಾಗಿ ಬರೆದುದನ್ನು ಬಿಡಿಸಿ, ಪೂರ್ಣವಾದ ಸಿಎಸ್‌ಎಸ್ ಆಗಿ ಮಾಡಿಕೊಡುವುದೇ ಪ್ರೀಪ್ರೊಸೆಸರಿನ ಕಾರ್ಯ. ಸೂತ್ರಗಳಿಂದ ಪದವು ಸಿದ್ಧಿಸುವಂತೆ ಇದೆಂದು ತಿಳಿಯಬಹುದು.

ಹ್ಯಾಂಪ್ಟನ್ ಕ್ಯಾಟ್ಲಿನ್ ಎಂಬವರು ಕಲ್ಪಿಸಿದ ಸ್ಯಾಸ್ 2006ರಲ್ಲಿ ರೂಬಿ ಭಾಷೆಯ ಆಶ್ರಯದಲ್ಲಿ ಹುಟ್ಟಿತು. ರೂಬಿ ಇಲ್ಲದ ಯಂತ್ರದಲ್ಲಿ ಅದು ನಡೆಯದು. ಈ ತೊಡಕನ್ನು ನೀಗಿಸಲು 2012ರಲ್ಲಿ ಸಿ++ ಭಾಷೆಯಲ್ಲಿ ಲಿಬ್‌ಸ್ಯಾಸ್ ಹೊರಟಿತು. ಅದನ್ನು ನೋಡ್ ಎಂಬ ವ್ಯವಸ್ಥೆಗೆ ಜೋಡಿಸಿದ ಪ್ಯಾಕೇಜೇ ನೋಡ್-ಸ್ಯಾಸ್. ಆದರೆ ಒಂದು ಅವಲಂಬನವು ಕಳೆಯಿತೆನ್ನುವಷ್ಟರಲ್ಲಿ ಹಲವು ಬಂದು ಸೇರಿದುವು. ನೋಡ್ ಹೊಸ ಆವೃತ್ತಿಯನ್ನು ತಳೆದಾಗಲೆಲ್ಲ ಜೋಡಣೆಯನ್ನೂ ಹೊಸದಾಗಿ ಸಿದ್ಧಪಡಿಸಬೇಕಾಗುತ್ತಿದ್ದಿತು. ಸಿದ್ಧವಾದುದು ದೊರೆಯದಿದ್ದರೆ ಬಳಸುವವನ ಯಂತ್ರದಲ್ಲಿಯೇ ಅದನ್ನು ಕಟ್ಟಬೇಕು. ಅದಕ್ಕೆ ಸಿ++ ಕಂಪೈಲರೂ ಪೈಥಾನ್ ಭಾಷೆಯೂ ಬೇಕು. ಬಹುಕಾಲ ಬೇಕಾಗಿದ್ದುದು ಪೈಥಾನಿನ ಎರಡನೆಯ ಆವೃತ್ತಿ; ಅದರ ಪೋಷಣೆಯಾದರೋ 2020ರ ಆರಂಭದಲ್ಲಿಯೇ ನಿಂತುಹೋಯಿತು. ಬಣ್ಣವನ್ನು ಹೇಳುವ ನಾಲ್ಕು ಸಾಲಿಗೆ ಇಷ್ಟು ಪರಿವಾರ!

2018ರಲ್ಲಿ ಡಾರ್ಟ್ ಭಾಷೆಯಲ್ಲಿ ಬರೆದ ಸ್ಯಾಸಿನ ಮೊದಲ ಸ್ಥಿರ ಆವೃತ್ತಿ ಬಂದಿತು. ಜಾವಾಸ್ಕ್ರಿಪ್ಟಿಗೆ ಪರಿವರ್ತಿತವಾಗಿಯೇ ದೊರೆಯುವ ಈ ಪ್ಯಾಕೇಜಿಗೆ ಸಿ++ ಆಗಲಿ ಪೈಥಾನ್ ಆಗಲಿ ಬೇಡ. ರೂಬಿಯ ಸ್ಯಾಸ್ 2019ರಲ್ಲಿ ವಿಶ್ರಾಂತಿ ಪಡೆಯಿತು. 2020ರಲ್ಲಿ ಲಿಬ್‌ಸ್ಯಾಸನ್ನು ಬಿಡಬೇಕೆಂದು ಅದರ ಪೋಷಕರೇ ಸಾರಿದರು.

ಇಲ್ಲಿ ವಿವೇಚಿಸಬೇಕಾದುದು ಇದು: ಮೂರು ಸಾಧನಗಳು ಬದಲಾದರೂ ಭಾಷೆಯು ಬಹುಮಟ್ಟಿಗೆ ಉಳಿಯಿತು. ಬರೆದ ಪಾಠವು ಅಕ್ಷತವಾಗಿದ್ದರೂ ಅದನ್ನು ಬಿಡಿಸುವ ಸಾಧನವು ಸತ್ತಿದ್ದರೆ ಹಳೆಯ ಜಾಲತಾಣವನ್ನು ತಿದ್ದಿ ಕಟ್ಟಲಾಗದು; ವ್ಯಾಖ್ಯಾನಪರಂಪರೆ ಕಡಿದ ಸೂತ್ರದ ಗತಿಯೇ ಅದಕ್ಕೂ ಆಗುವುದು. ಭಾಷೆಯೂ ಕೇವಲ ನಿತ್ಯವಲ್ಲ. ಒಂದು ಕಡತವನ್ನು ಮತ್ತೊಂದಕ್ಕೆ ಸೇರಿಸುವ ಹಳೆಯ 'ಇಂಪೋರ್ಟ್' ವಿಧಿಯು 2024ರಲ್ಲಿ ತ್ಯಾಜ್ಯವೆನಿಸಿತು. ಆದುದರಿಂದ ಪ್ರತಿಯೊಂದು ಅವಲಂಬನದ ಆವೃತ್ತಿಯನ್ನೂ ಲಾಕ್ ಕಡತದಲ್ಲಿ ನಮೂದಿಸಿಡುವುದೂ, ಆಶ್ರಯವು ಕುಸಿಯುವ ಮುನ್ನವೇ ಹೊಸ ಆಶ್ರಯಕ್ಕೆ ಸಾಗುವುದೂ ಗ್ರಂಥರಕ್ಷಣೆಯಷ್ಟೇ ಅವಶ್ಯವಾದ ಕರ್ತವ್ಯಗಳು.