ಸ್ಕಾಚ್ ಕೊಳ್ಳುವ ಮುನ್ನ ಲೇಬಲ್ ಓದಿರಿ

ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ದಿನಗಳಲ್ಲಿ ನೆಂಟರಿಷ್ಟರು ಬರುವುದು, ಸಂಜೆ ಒಂದು ಬಾಟಲಿ ತೆರೆಯುವುದು ತೋಟದ ಸೀಮೆಗೆ ಹೊಸತಲ್ಲ. ಕುಡಿಯದವರಿಗೆ ಆಸೆ ಹುಟ್ಟಿಸುವುದು ಈ ಲೇಖನದ ಉದ್ದೇಶವಲ್ಲ. ಕೊಳ್ಳುವ ಸದಸ್ಯರು ಬೆಳೆ ಮಾರಿ ಬಂದ ಹಣವನ್ನು ಹೊಳೆಯುವ ಪೆಟ್ಟಿಗೆಗೆ ಸುರಿಯದಿರಲಿ ಎಂಬುದಷ್ಟೇ ಆಶಯ.

ಬೆರಕೆ ಎಂದರೆ ಕೀಳಲ್ಲ

ಮೊಳಕೆ ಬರಿಸಿದ ಬಾರ್ಲಿಯಿಂದ ತಾಮ್ರದ ಹಂಡೆಯಲ್ಲಿ ಇಳಿಸಿದ್ದು ಮಾಲ್ಟ್ ವಿಸ್ಕಿ. ಗೋಧಿ, ಮೆಕ್ಕೆಜೋಳ ಮುಂತಾದವುಗಳಿಂದ ಎತ್ತರದ ಕಂಬದಂಥ ಭಟ್ಟಿಯಲ್ಲಿ ಎಡೆಬಿಡದೆ ಇಳಿಸಿದ್ದು ಗ್ರೇನ್ ವಿಸ್ಕಿ. ಈ ಕಂಬದ ಭಟ್ಟಿಗೆ 1830ರಲ್ಲಿ ಪೇಟೆಂಟ್ ಪಡೆದವನ ಹೆಸರು ಏನಿಯಾಸ್ ಕಾಫಿ; ಹೆಸರು ಹಾಗಿದ್ದರೂ ನಮ್ಮ ಬೆಳೆಗೂ ಅವನಿಗೂ ಸಂಬಂಧವಿಲ್ಲ. ಇವೆರಡನ್ನೂ ಬೆರೆಸಿದರೆ ಬ್ಲೆಂಡೆಡ್ ಸ್ಕಾಚ್. ಕಿಲ್‌ಮಾರ್ನಾಕಿನ ಜಾನಿ ವಾಕರ್, ಅಬರ್ಡೀನಿನ ಚಿವಾಸ್ ಸೋದರರು ಮೂಲತಃ ದಿನಸಿ ವ್ಯಾಪಾರಿಗಳು. ಅರೇಬಿಕಾದ ಪರಿಮಳಕ್ಕೆ ರೊಬಸ್ಟಾದ ಗಟ್ಟಿತನ ಕೂಡಿಸುವ ನಮಗೆ ಈ ಬೆರಕೆಯ ಮರ್ಮ ಹೇಳಿಕೊಡಬೇಕಾಗಿಲ್ಲ.

ಲೇಬಲಿನಲ್ಲಿ ನೋಡಬೇಕಾದ್ದು

ಮೊದಲನೆಯದಾಗಿ, 'ಸ್ಕಾಚ್ ವಿಸ್ಕಿ' ಎಂದು ನೇರವಾಗಿ ಬರೆದಿರಬೇಕು. ಬ್ರಿಟನ್ನಿನ 2009ರ ನಿಯಮದಂತೆ ಅದು ಸ್ಕಾಟ್ಲೆಂಡಿನಲ್ಲೇ, 700 ಲೀಟರಿಗೆ ಮೀರದ ಓಕ್ ಪೀಪಾಯಿಗಳಲ್ಲಿ ಕನಿಷ್ಠ 3 ವರ್ಷ ಮಾಗಿರಬೇಕು. ಮದ್ಯಸಾರ ಶೇಕಡಾ 40ಕ್ಕೆ ಕಡಿಮೆ ಇರಕೂಡದು. 'ಸ್ಕಾಚ್ ಬೆರೆಸಿದ್ದು' ಎಂದಿದ್ದರೆ ಅದು ಸ್ಕಾಚ್ ಅಲ್ಲ. ನಮ್ಮ ದೇಶದ ಅಗ್ಗದ ವಿಸ್ಕಿಗಳಲ್ಲಿ ಹಲವಕ್ಕೆ ಕಾಕಂಬಿಯ ಮದ್ಯಸಾರವೇ ತಳಹದಿ.

ಎರಡನೆಯದು ವಯಸ್ಸು. 12 ವರ್ಷ ಎಂದಿದ್ದರೆ ಬೆರಕೆಯಲ್ಲಿನ ಅತಿ ಎಳೆಯದಕ್ಕೂ 12 ತುಂಬಿದೆ ಎಂದರ್ಥ. ಪೀಪಾಯಿಯಲ್ಲಿರುವಾಗ ವರ್ಷಕ್ಕೆ ಸುಮಾರು ಶೇಕಡಾ 2ರಷ್ಟು ಆವಿಯಾಗಿ ಹೋಗುತ್ತದೆ, ಹಣವೂ ಕಟ್ಟಿಹಾಕಿದಂತಿರುತ್ತದೆ. ಹೊಸ ಚಾಲಿಗಿಂತ ಹಳೆ ಚಾಲಿಗೆ ಹೆಚ್ಚು ದರ ಕೇಳುವವರಿಗೆ ಈ ಲೆಕ್ಕ ಗೊತ್ತೇ ಇದೆ. ಆದರೆ ಬಾಟಲಿಗೆ ಇಳಿದ ಮೇಲೆ ವಿಸ್ಕಿ ಮಾಗುವುದಿಲ್ಲ. ಬೀರುವಿನಲ್ಲಿ ಹತ್ತು ವರ್ಷ ಇಟ್ಟರೂ ರುಚಿ ಏರದು. ಸೋಡಾ ಹಾಕಿ ಕುಡಿಯುವವರು ವಯಸ್ಸಿಗೆ ದುಡ್ಡು ಕೊಡುವ ಅಗತ್ಯವೂ ಇಲ್ಲ.

ಮೂರನೆಯದು, ಬಾಟಲಿಗೆ ತುಂಬಿದ ಜಾಗ. ಟೀಚರ್ಸ್, ವ್ಯಾಟ್ 69, ಬ್ಲ್ಯಾಕ್ ಅಂಡ್ ವೈಟ್, 100 ಪೈಪರ್ಸ್, ಬ್ಲ್ಯಾಕ್ ಡಾಗ್ ಮುಂತಾದವು ಸ್ಕಾಟ್ಲೆಂಡಿನಿಂದ ಸಗಟಾಗಿ ಬಂದು ಭಾರತದಲ್ಲಿ ಬಾಟಲಿಗೆ ಇಳಿಯುತ್ತವೆ. ಸುಂಕ ಬೀಳುವುದು ಸಗಟು ಬೆಲೆಯ ಮೇಲಾದ್ದರಿಂದ ದರ ಕಡಿಮೆ. ಒಳಗಿನ ಮಾಲು ಸ್ಕಾಚೇ. ಮಿತವ್ಯಯಿಗಳು ಮೊದಲು ಇಲ್ಲಿ ಹುಡುಕುವುದು ಲೇಸು. 2025ರ ಜುಲೈನಲ್ಲಿ ಸಹಿಯಾದ ಭಾರತ–ಬ್ರಿಟನ್ ಒಪ್ಪಂದದಂತೆ ಶೇಕಡಾ 150ರ ಆಮದು ಸುಂಕ ಮೊದಲು 75ಕ್ಕೆ, ಹತ್ತನೆಯ ವರ್ಷಕ್ಕೆ 40ಕ್ಕೆ ಇಳಿಯಬೇಕು. ಆದರೆ ಅಬಕಾರಿ ತೆರಿಗೆ ರಾಜ್ಯದ್ದು; ಆದುದರಿಂದ ಅಂಗಡಿಯ ದರ ಅದೇ ಪ್ರಮಾಣದಲ್ಲಿ ಇಳಿದೀತೆಂದು ಎಣಿಸಬೇಡಿ.

ಪರೀಕ್ಷೆ ಮನೆಯಲ್ಲೇ

ಕಾಫಿಯ ಕಪ್ ಪರೀಕ್ಷೆಯಂತೆ ಇಲ್ಲೂ ಮಾಡಬಹುದು. ಎರಡು ಬ್ರಾಂಡುಗಳ 180 ಮಿಲಿಲೀಟರ್ ಬಾಟಲಿ ತನ್ನಿ. ಒಂದೇ ಬಗೆಯ ಲೋಟಗಳಿಗೆ ಒಂದೇ ಅಳತೆ ಹಾಕಿ, ಸಮನಾಗಿ ನೀರು ಬೆರೆಸಿ, ಹೆಸರು ತಿಳಿಯದಂತೆ ಬೇರೆಯವರಿಂದ ಕೊಡಿಸಿ. ಮೂಗಿಗೆ, ನಾಲಗೆಗೆ ಒಪ್ಪಿದ್ದೇ ನಿಮ್ಮದು. ಬಣ್ಣ ನೋಡಿ ಮೋಸಹೋಗಬೇಡಿ. ಕ್ಯಾರಮೆಲ್ ಬಣ್ಣ ಹಾಕಲು ನಿಯಮವೇ ಅವಕಾಶ ಕೊಟ್ಟಿದೆ.

ಅಗ್ಗದ ಅಪಾಯ

ಯಾರೋ ಪರಿಚಯದವರು ಅರ್ಧ ಬೆಲೆಗೆ ತಂದುಕೊಡುತ್ತೇನೆಂದ 'ಫಾರಿನ್ ಮಾಲು' ಬೇಡವೇ ಬೇಡ. ಹೆಸರಾಂತ ಬ್ರಾಂಡಿನ ಖಾಲಿ ಬಾಟಲಿಗಳನ್ನು ಕೊಂಡು ಕಳಪೆ ಸರಕು ತುಂಬುವವರಿದ್ದಾರೆ. ಅದರಲ್ಲಿ ಮೆಥನಾಲ್ ಸೇರಿದ್ದರೆ ಕಣ್ಣು ಹೋದೀತು, ಜೀವವೂ ಹೋದೀತು. ಪರವಾನಗಿ ಅಂಗಡಿಯಲ್ಲೇ ಕೊಳ್ಳಿ, ಅಬಕಾರಿ ಚೀಟಿ ಹರಿಯದೆ ಇದೆಯೇ ನೋಡಿ, ರಶೀದಿ ಕೇಳಿ. ವಿದೇಶದಿಂದ ಬರುವ ಮಕ್ಕಳು ಸುಂಕವಿಲ್ಲದೆ ತಲಾ 2 ಲೀಟರ್ ತರಬಹುದು. ಅದು ನ್ಯಾಯವಾದ ದಾರಿ. ಮುಗಿದ ಬಾಟಲಿಯ ಲೇಬಲ್ ಕೆರೆದು, ಒಡೆದು ಗುಜರಿಗೆ ಹಾಕಿ.