ಘಟ್ಟ ಇಳಿದು ಉತ್ತರದ ಕರಾವಳಿಗೆ: ಹೊರಡುವ ಮುನ್ನ ತಿಳಿದಿರಬೇಕಾದ್ದು

ಅಡಿಕೆ ಕೊಯ್ಲು ಮುಗಿದರೆ ಸಾಕು, ಇಲ್ಲವೇ ಮಕ್ಕಳಿಗೆ ರಜೆ ಸಿಕ್ಕರೆ ಸಾಕು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯ ಮನೆಗಳಲ್ಲಿ ಮುರುಡೇಶ್ವರ, ಗೋಕರ್ಣದ ಮಾತು ಶುರುವಾಗುತ್ತದೆ. ಹೋಗಿ ಬನ್ನಿ. ನೋಡಲೇಬೇಕಾದ ಕರಾವಳಿ ಅದು. ಆದರೆ ನಮಗೆ ಗುಡ್ಡ ಗೊತ್ತು, ಹೊಳೆ ಗೊತ್ತು. ಕಡಲು ಅಷ್ಟಾಗಿ ಗೊತ್ತಿಲ್ಲ. ತುಂಗಾ, ಭದ್ರೆಯಲ್ಲಿ ಈಜಿದ ಧೈರ್ಯ ಕಡಲಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಯಾಕೆ ಬರುವುದಿಲ್ಲ, ಬದಲಿಗೆ ಏನು ತಿಳಿದಿರಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಈ ಕರಾವಳಿ ಬೇರೆ ಹೇಗೆ?

ಕರ್ನಾಟಕದ ಕರಾವಳಿ ಸುಮಾರು 320 ಕಿ.ಮೀ. ಉದ್ದ. ಮಂಗಳೂರು, ಉಡುಪಿ ಕಡೆ ಘಟ್ಟ ದೂರದಲ್ಲಿದೆ. ಅಲ್ಲಿ ಮರಳಿನ ತೀರ ನೇರವಾಗಿ, ಉದ್ದಕ್ಕೆ ಹಾಸಿಕೊಂಡಿದೆ. ಭಟ್ಕಳ ದಾಟಿ ಉತ್ತರಕ್ಕೆ ಹೋದಂತೆ ಸಹ್ಯಾದ್ರಿ ಕಡಲಿನ ಹತ್ತಿರ ಬರುತ್ತದೆ. ಕಾರವಾರದಲ್ಲಿ ಗುಡ್ಡದ ಬುಡಕ್ಕೇ ತೆರೆ ಬಡಿಯುತ್ತದೆ. ಗುಡ್ಡದ ಚಾಚುಗಳು ನೀರಿನೊಳಗೆ ಹೋಗಿವೆ. ಎರಡು ಚಾಚುಗಳ ನಡುವೆ ಬಿಲ್ಲಿನಂತೆ ಬಾಗಿದ ಪುಟ್ಟ ತೀರಗಳಿವೆ. ಗೋಕರ್ಣದ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ತೀರಗಳು ಹೀಗೇ ಆದವು.

ಇದರ ಜೊತೆಗೆ ಐದು ನದಿಗಳು: ವೆಂಕಟಾಪುರ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ಪ್ರತಿಯೊಂದೂ ಕಡಲು ಸೇರುವಲ್ಲಿ ಅಗಲವಾದ ಅಳಿವೆ ಮಾಡಿಕೊಂಡಿದೆ. ಅಳಿವೆ ಎಂದರೆ ಹೊಳೆಯ ಸಿಹಿನೀರು, ಕಡಲಿನ ಉಪ್ಪುನೀರು ಬೆರೆಯುವ ಬಾಯಿ. ಗುಡ್ಡ, ಹೊಳೆ, ಕಡಲು ಮೂರೂ ಒಂದೇ ಕಡೆ ಸೇರುವುದರಿಂದಲೇ ಈ ತೀರ ಇಷ್ಟು ಚೆಂದ. ಅಪಾಯವೂ ಅದರಿಂದಲೇ. ಮೇಲಿನಿಂದ ಗುಡ್ಡ ಕುಸಿಯಬಹುದು, ಕೆಳಗಿನಿಂದ ಕಡಲು ಎಳೆಯಬಹುದು.

ದಾರಿ ಯಾವುದು?

ಕೊಪ್ಪ, ಶೃಂಗೇರಿಯವರಿಗೆ ಹತ್ತಿರದ್ದು ಆಗುಂಬೆ ಘಾಟಿ. ಆಗುಂಬೆ, ಸೋಮೇಶ್ವರ, ಹೆಬ್ರಿ ಮೂಲಕ ಉಡುಪಿಗೆ ಇಳಿಯುವ ಈ ರಸ್ತೆ ರಾಷ್ಟ್ರೀಯ ಹೆದ್ದಾರಿ 169ಎ. ಘಾಟಿಯ ತಿರುವುಗಳು ತೀರಾ ಇಕ್ಕಟ್ಟು. ಹಾಗಾಗಿ ಭಾರೀ ವಾಹನಗಳಿಗೆ ನಿರ್ಬಂಧವಿದೆ. ಮಿನಿ ಬಸ್, ಕಾರು ಓಡಾಡುತ್ತವೆ. ದೊಡ್ಡ ಬಸ್ಸಿನಲ್ಲಿ ಹೋಗುವವರಿಗೆ ಶೃಂಗೇರಿಯಿಂದ ನೆಮ್ಮಾರು, ಕೆರೆಕಟ್ಟೆ, ಎಸ್.ಕೆ. ಬಾರ್ಡರ್ ಮೂಲಕ ಕಾರ್ಕಳಕ್ಕೆ ಇಳಿಯುವ ದಾರಿ ಇದೆ. ಇದು ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಹಾದುಹೋಗುತ್ತದೆ. ಅಲ್ಲಿ ವಾಹನ ನಿಲ್ಲಿಸಿ ಅಡುಗೆ ಮಾಡುವುದು, ಕಾಡಿಗೆ ಇಳಿಯುವುದು ಬೇಡ.

ನರಸಿಂಹರಾಜಪುರದವರಿಗೆ ಇನ್ನೊಂದು ದಾರಿ ಅನುಕೂಲ. ಶಿವಮೊಗ್ಗ, ಸಾಗರ ಮೂಲಕ ಹೋಗಿ ಗೇರುಸೊಪ್ಪೆ ಘಾಟಿಯಲ್ಲಿ ಹೊನ್ನಾವರಕ್ಕೆ ಇಳಿಯಬಹುದು. ನೇರ ಉತ್ತರ ಕನ್ನಡಕ್ಕೇ ತಲುಪುತ್ತೀರಿ. ದಾರಿಯಲ್ಲಿ ಜೋಗವೂ ಸಿಗುತ್ತದೆ.

ಕೆಳಗೆ ಇಳಿದ ಮೇಲೆ ರಾಷ್ಟ್ರೀಯ ಹೆದ್ದಾರಿ 66. ಉಡುಪಿಯಿಂದ ಕುಂದಾಪುರ, ಬೈಂದೂರು, ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ ದಾಟಿ ಕಾರವಾರಕ್ಕೆ ಹೋಗುತ್ತದೆ. ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ನೋಡಲು ಇಳಿಯುವವರು ವಾಹನವನ್ನು ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ. ಇಲ್ಲಿ ಲಾರಿಗಳ ವೇಗ ಹೆಚ್ಚು.

ಘಟ್ಟದಲ್ಲಿ, ಗುಡ್ಡದ ಬುಡದಲ್ಲಿ

ಧರೆ ಕುಸಿತ ನಮಗೆ ಹೊಸದಲ್ಲ. ಮನೆ ಹಿಂದಿನ ಧರೆ ಯಾಕೆ ಜಾರುತ್ತದೋ ಹೆದ್ದಾರಿಯ ಧರೆಯೂ ಅದೇ ಕಾರಣಕ್ಕೆ ಜಾರುತ್ತದೆ. ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಧಾರ ಇರುವುದಿಲ್ಲ. ಜಡಿಮಳೆ ಹಿಡಿದಾಗ ನೀರು ಒಳಗಿಳಿದು ಮಣ್ಣು ಭಾರವಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಒಮ್ಮೆಗೇ ಇಳಿಯುತ್ತದೆ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಆದದ್ದು ಇದೇ. ಗುಡ್ಡ ಹೆದ್ದಾರಿ ದಾಟಿ ಗಂಗಾವಳಿ ನದಿಗೆ ಬಿತ್ತು. ರಸ್ತೆ ಬದಿಯ ಚಹಾ ಅಂಗಡಿ, ಅಲ್ಲಿ ನಿಂತಿದ್ದ ವಾಹನಗಳು ಮಣ್ಣಿನ ಪಾಲಾದವು. ನದಿಗೆ ಬಿದ್ದ ಮಣ್ಣು ಎಬ್ಬಿಸಿದ ಅಲೆ ಎದುರು ದಡದ ಉಳುವರೆ ಊರಿಗೂ ಅಪ್ಪಳಿಸಿತು. ನದಿಯಲ್ಲಿ ಮುಳುಗಿದ್ದ ಲಾರಿಯೊಂದು ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಬೈಂದೂರಿನ ಬಳಿ ಟೋಲ್ ಇರುವ ಶಿರೂರು ಬೇರೆ, ಇದು ಬೇರೆ. ದಾರಿ ವಿಚಾರಿಸುವಾಗ ತಾಲೂಕಿನ ಹೆಸರು ಸೇರಿಸಿ ಕೇಳಿ.

ಹಾಗಾದರೆ ಏನು ಮಾಡಬೇಕು? ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ ಚಹಾಕ್ಕೂ ನಿಲ್ಲಿಸಬೇಡಿ, ಫೋಟೋಕ್ಕೂ ನಿಲ್ಲಿಸಬೇಡಿ. ಧರೆಯಿಂದ ಕೆಂಪುನೀರು ಹೊಸದಾಗಿ ಒಸರುವುದು, ಸಣ್ಣ ಕಲ್ಲು ಉರುಳುವುದು, ಮರ ವಾಲಿರುವುದು, ರಸ್ತೆಯಲ್ಲಿ ಉದ್ದ ಬಿರುಕು ಕಾಣುವುದು, ಇವೆಲ್ಲ ಮುನ್ಸೂಚನೆ. ಕಂಡರೆ ಹಿಂದಿರುಗಿ. ಮಳೆ ನಿಂತ ಮೇಲೂ ಒಂದೆರಡು ದಿನ ಕುಸಿತ ಆಗಬಹುದು ಎಂಬುದನ್ನು ಮರೆಯಬೇಡಿ.

ಘಾಟಿ ಇಳಿಯುವಾಗ ಗೇರ್ ಕಡಿಮೆ ಇರಲಿ. ಬ್ರೇಕನ್ನೇ ಒತ್ತಿಕೊಂಡು ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಮಂಜಿನಲ್ಲಿ ದೀಪವನ್ನು ಡಿಮ್ ಮಾಡಿ. ಪ್ರಖರ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ. ಹತ್ತುವ ವಾಹನಕ್ಕೆ ಮೊದಲು ದಾರಿ ಬಿಡಿ. ಕತ್ತಲಾಗುವ ಮೊದಲೇ ಘಾಟಿ ದಾಟುವಂತೆ ಲೆಕ್ಕ ಹಾಕಿಕೊಳ್ಳಿ.

ಕಡಲು ಎಳೆಯುವುದು ಹೇಗೆ?

ಹೊಳೆಯ ಸೆಳವು ಒಂದೇ ದಿಕ್ಕಿಗೆ ಹರಿಯುತ್ತದೆ. ದಡ ಎರಡೂ ಕಡೆ ಕಾಣುತ್ತದೆ. ಕಡಲಿನ ಸೆಳವು ಹಾಗಲ್ಲ. ತೆರೆಗಳು ನೀರನ್ನು ದಡಕ್ಕೆ ತಂದು ಸುರಿಯುತ್ತಲೇ ಇರುತ್ತವೆ. ಆ ನೀರು ವಾಪಸ್ ಹೋಗಬೇಕಲ್ಲ? ಗದ್ದೆ ತುಂಬಿದಾಗ ಅಂಚು ಒಡೆದ ಜಾಗದಲ್ಲೇ ನೀರೆಲ್ಲ ನುಗ್ಗುವಂತೆ, ಇಲ್ಲೂ ಮರಳಿನಡಿ ಆಳವಾಗಿರುವ ಇಕ್ಕಟ್ಟಾದ ಜಾಗ ಹುಡುಕಿಕೊಂಡು ನೀರು ರಭಸದಿಂದ ಒಳಕ್ಕೆ ಹೋಗುತ್ತದೆ. ಇದಕ್ಕೆ ರಿಪ್ ಕರೆಂಟ್ ಎನ್ನುತ್ತಾರೆ, ಅಂದರೆ ದಡದಿಂದ ಕಡಲಿಗೆ ಎಳೆಯುವ ಸೆಳವು. ಜೋರಾದಾಗ ಅದರ ವೇಗ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಎಂಥ ಈಜುಗಾರನೂ ಅದಕ್ಕೆ ಎದುರಾಗಿ ಈಜಲಾರ.

ಗುರುತಿಸುವುದು ಹೇಗೆ? ಎರಡೂ ಬದಿ ಬಿಳಿ ನೊರೆಯ ತೆರೆ ಮುರಿಯುತ್ತಿರುತ್ತದೆ. ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುತ್ತದೆ. ನಮ್ಮ ಕಣ್ಣಿಗೆ ಅದೇ ಒಳ್ಳೆಯ ಜಾಗ ಅನ್ನಿಸುತ್ತದೆ. ಅಲ್ಲೇ ಇಳಿಯಬಾರದು. ಬಂಡೆ ಚಾಚಿನ ಪಕ್ಕದಲ್ಲೂ ಇಂಥ ಸೆಳವು ಸಾಮಾನ್ಯ. ಗೋಕರ್ಣದಂಥ ಬಂಡೆಗಳ ನಡುವಿನ ತೀರದಲ್ಲಿ ಹೆಚ್ಚು ಎಚ್ಚರ ಬೇಕಾಗುವುದು ಇದಕ್ಕೇ.

ಸಿಕ್ಕಿಕೊಂಡರೆ? ದಡದ ಕಡೆ ಈಜಬೇಡಿ. ಮೊದಲು ತೇಲಿ, ಉಸಿರು ಹಿಡಿತಕ್ಕೆ ತಂದುಕೊಳ್ಳಿ. ಸೆಳವು ನಿಮ್ಮನ್ನು ಒಳಕ್ಕೆ ಒಯ್ಯುತ್ತದೆಯೇ ಹೊರತು ಕೆಳಕ್ಕೆ ಎಳೆಯುವುದಿಲ್ಲ. ಪಟ್ಟಿ ಇಕ್ಕಟ್ಟಾಗಿರುವುದರಿಂದ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ನೊರೆ ತೆರೆ ಇರುವ ಜಾಗ ಸಿಕ್ಕ ಮೇಲೆ ದಡಕ್ಕೆ ತಿರುಗಿ. ಈಜಲಾಗದಿದ್ದರೆ ತೇಲುತ್ತಾ ಕೈ ಮೇಲೆತ್ತಿ ಕೂಗಿ. ದಡದಲ್ಲಿರುವವರು ಹಿಂದೆಯೇ ಹಾರಬೇಡಿ. ಹಾಗೆ ಹಾರಿದವರೂ ಮುಳುಗುತ್ತಾರೆ. ಮುಚ್ಚಳ ಹಾಕಿದ ಖಾಲಿ ಕ್ಯಾನ್, ಟ್ಯೂಬ್, ಹಗ್ಗ ಏನಿದೆಯೋ ಎಸೆಯಿರಿ. ಜೀವರಕ್ಷಕರನ್ನು ಕರೆಯಿರಿ.

ಮಳೆಗಾಲ ಕಳೆದಿದೆ, ಇನ್ನೇನು ಭಯ ಎನ್ನಬೇಡಿ. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಕಡಲು ಸಾಮಾನ್ಯವಾಗಿ ಶಾಂತವಾಗಿರುವ ತಿಂಗಳದು. ಕೆಲವೊಮ್ಮೆ ದಕ್ಷಿಣದ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿ.ಮೀ. ದಾಟಿ ಇಲ್ಲಿಗೆ ಬರುತ್ತವೆ. ಇಲ್ಲಿ ಗಾಳಿಯೇ ಇರುವುದಿಲ್ಲ, ಆದರೂ ತೆರೆ ಏಳುತ್ತದೆ.

ಉಬ್ಬರ, ಇಳಿತ, ದೋಣಿ

ಕಡಲಿನ ನೀರು ಸುಮಾರು ಆರು ಗಂಟೆ ಏರುತ್ತದೆ, ಸುಮಾರು ಆರು ಗಂಟೆ ಇಳಿಯುತ್ತದೆ. ಏರುವುದು ಉಬ್ಬರ, ಇಳಿಯುವುದು ಇಳಿತ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಇಂದು ಹತ್ತು ಗಂಟೆಗೆ ಪೂರ್ಣ ಉಬ್ಬರವಾದರೆ ನಾಳೆ ಹತ್ತು ಮುಕ್ಕಾಲರ ಮೇಲೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಹೆಚ್ಚು. ಹೊರಡುವ ದಿನ ಪಂಚಾಂಗ ನೋಡುವ ಅಭ್ಯಾಸ ನಮ್ಮಲ್ಲಿದೆಯಲ್ಲ, ಇದಕ್ಕೂ ಒಮ್ಮೆ ತಿಥಿ ನೋಡಿ.

ಓಂ ತೀರದಿಂದ ಹಾಫ್ ಮೂನ್, ಪ್ಯಾರಡೈಸ್ ಕಡೆ ಬಂಡೆಗಳ ಮೇಲೆ ನಡೆದು ಹೋಗುವವರಿದ್ದಾರೆ. ಇಳಿತ ಇರುವಾಗ ಹೋಗಿ, ಉಬ್ಬರ ಏರುವ ಮೊದಲು ಬನ್ನಿ. ಪಾಚಿ ಕಟ್ಟಿದ, ಒದ್ದೆಯಾಗಿರುವ ಬಂಡೆ ಎಂದರೆ ಅಲ್ಲಿಯವರೆಗೆ ತೆರೆ ಬರುತ್ತದೆ ಎಂದರ್ಥ. ಒಣ ಬಂಡೆಯ ಮೇಲೇ ನಿಲ್ಲಿ, ಕಡಲಿಗೆ ಬೆನ್ನು ಹಾಕಬೇಡಿ.

ಅಳಿವೆ ಬಾಯಲ್ಲಿ ಸ್ನಾನ ಬೇಡವೇ ಬೇಡ. ಇಳಿತದ ಹೊತ್ತಿಗೆ ಹೊಳೆಯ ನೀರು, ಕಡಲಿನ ನೀರು ಎರಡೂ ಸೇರಿ ಹೊರಕ್ಕೆ ಓಡುತ್ತವೆ. ದೋಣಿ ಹತ್ತುವುದಾದರೆ ಲೈಫ್ ಜಾಕೆಟ್, ಅಂದರೆ ತೇಲಿಸುವ ಅಂಗಿ, ಹಾಕಿ ಗುಂಡಿ ಬಿಗಿದ ಮೇಲೇ ಹೊರಡಿ. ಜನ ಹೆಚ್ಚಾದರೆ ಇಳಿದುಬಿಡಿ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಆ ದಿನಗಳಲ್ಲಿ ಪ್ರವಾಸಿಗಳಿಗೂ ಕಡಲು ದಡದಿಂದ ನೋಡುವುದಕ್ಕಷ್ಟೇ.

ಯಾವಾಗ ಹೋಗಬೇಕು, ಖರ್ಚೆಷ್ಟು?

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಘಾಟಿ ಸ್ಪಷ್ಟ, ಕಡಲು ಹೆಚ್ಚಾಗಿ ಶಾಂತ. ಬೆಳಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟ ಮುರುಡೇಶ್ವರದಲ್ಲಿ. ಸಣ್ಣ ಮಕ್ಕಳಿದ್ದರೆ ಹೊನ್ನಾವರದ ಕಾಸರಕೋಡು ತೀರ ನೋಡಿ. 2020ರಲ್ಲಿ ಅದಕ್ಕೆ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಸ್ವಚ್ಛತೆ, ಸುರಕ್ಷತೆ ನೋಡಿ ಕೊಡುವ ಅಂತರರಾಷ್ಟ್ರೀಯ ಗುರುತು ಅದು.

ಶೃಂಗೇರಿಯಿಂದ ಆಗುಂಬೆ, ಉಡುಪಿ ಮೂಲಕ ಗೋಕರ್ಣಕ್ಕೆ ಸುಮಾರು 260 ಕಿ.ಮೀ. ಹೋಗಿಬರಲು 520. ಲೀಟರಿಗೆ 15 ಕಿ.ಮೀ. ಓಡುವ ಕಾರಿಗೆ ಸುಮಾರು 35 ಲೀಟರ್ ಬೇಕು. ಆ ದಿನದ ದರದಿಂದ ಗುಣಿಸಿಕೊಳ್ಳಿ. ಹೆದ್ದಾರಿಯಲ್ಲಿ ಸಾಸ್ತಾನ, ಬೈಂದೂರಿನ ಶಿರೂರು, ಕುಮಟಾದ ಹೊಳೆಗದ್ದೆಗಳಲ್ಲಿ ಟೋಲ್ ಇದೆ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ 3,000 ರೂಪಾಯಿಯ ವಾರ್ಷಿಕ ಫಾಸ್ಟ್‌ಟ್ಯಾಗ್ ಪಾಸ್ ಬಂತು. ಒಂದು ವರ್ಷ ಅಥವಾ 200 ಸಲ ದಾಟುವವರೆಗೆ ಅದು ನಡೆಯುತ್ತದೆ. ವರ್ಷಕ್ಕೊಮ್ಮೆ ಹೋಗುವವರಿಗೆ ಲಾಭವಿಲ್ಲ.

ಬಸ್ಸಿನಲ್ಲಿ ಉಡುಪಿಗೆ ಇಳಿದು ಅಲ್ಲಿಂದ ಕೊಂಕಣ ರೈಲು ಹಿಡಿಯುವುದು ಅಗ್ಗ, ಆರಾಮ. ಭಟ್ಕಳ, ಮುರುಡೇಶ್ವರ, ಹೊನ್ನಾವರ, ಕುಮಟಾ, ಗೋಕರ್ಣ ರೋಡ್, ಅಂಕೋಲಾ, ಕಾರವಾರದಲ್ಲಿ ನಿಲ್ದಾಣಗಳಿವೆ. ಮಳೆಗಾಲದಲ್ಲಿ ವೇಳಾಪಟ್ಟಿ ಬೇರೆ ಇರುತ್ತದೆ, 139ಕ್ಕೆ ಕೇಳಿ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತ. ಖಾಸಗಿ ಬಸ್ಸಿಗೆ ಇದು ಅನ್ವಯಿಸುವುದಿಲ್ಲ.

ಮಾಹಿತಿ ಎಲ್ಲಿ ಸಿಗುತ್ತದೆ?

ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ‘ಮೌಸಮ್’ ಆ್ಯಪ್ ನೋಡಿ. ರೆಡ್ ಅಲರ್ಟ್ ಎಂದರೆ ದಿನಕ್ಕೆ 20 ಸೆಂ.ಮೀ. ಮೀರಿ ಮಳೆ ಬೀಳಬಹುದೆಂಬ ಎಚ್ಚರಿಕೆ, ಪ್ರವಾಸ ಮುಂದೂಡಿ. ಆರೆಂಜ್ ಇದ್ದರೆ ಘಾಟಿ ಬೇಡ. ಮಳೆಯ ಬಗ್ಗೆ ಕನ್ನಡದಲ್ಲೇ ವಿಚಾರಿಸಲು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇದೆ: 92433 45433. ಎತ್ತರದ ಅಲೆಗಳ ಎಚ್ಚರಿಕೆಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುತ್ತದೆ. ತುರ್ತಿಗೆ 112, ಹೆದ್ದಾರಿ ನೆರವಿಗೆ 1033, ಕಡಲಿನಲ್ಲಿ ಅಪಾಯವಾದರೆ ಕೋಸ್ಟ್ ಗಾರ್ಡ್ 1554. ಘಾಟಿಯಲ್ಲಿ ಸಿಗ್ನಲ್ ಸಿಗದ ಜಾಗಗಳಿವೆ. ಯಾವ ದಾರಿ, ಎಷ್ಟು ಹೊತ್ತಿಗೆ ಎಂದು ಮನೆಯಲ್ಲಿ ಹೇಳಿ ಹೊರಡಿ.

ತೀರ ತಲುಪಿದ ಮೇಲೆ ಮೊದಲು ಜೀವರಕ್ಷಕರನ್ನೋ ಮೀನುಗಾರರನ್ನೋ ಕಂಡು, ಇವತ್ತು ಇಳಿಯಬಹುದೇ, ಎಲ್ಲಿ ಇಳಿಯಬಹುದು ಎಂದು ಕೇಳಿ. ಕೆಂಪು ಬಾವುಟ ಇದ್ದರೆ ಕಾಲು ತೋಯಿಸಲೂ ಬೇಡ. ಶಾಲಾ ಪ್ರವಾಸ ಕರೆದೊಯ್ಯುವ ಮೇಷ್ಟ್ರುಗಳು ಈ ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಬಸ್ಸಿನಿಂದ ಇಳಿಸದಿರಿ. ಆಮೇಲೂ ಮಕ್ಕಳು ಮೊಣಕಾಲು ನೀರು ದಾಟದಂತೆ ಅವರಿಗಿಂತ ಆಳದಲ್ಲಿ ದೊಡ್ಡವರು ಸಾಲಾಗಿ ನಿಲ್ಲಬೇಕು. ಹೊಳೆಯಲ್ಲಿ ಈಜು ಕಲಿತ ಮಕ್ಕಳ ಮೇಲೆ ಒಂದು ಕಣ್ಣು ಹೆಚ್ಚೇ ಇರಲಿ. ನೀರಿಗೆ ಹೆದರದೆ ಮುಂದೆ ಹೋಗುವವರು ಅವರೇ.